ಶುಕ್ರವಾರ ಮಧ್ಯಾಹ್ನ ಬಾಗಿಲಿಗೆ ಬಂದವನು

ನಮ್ಮ ಶಹಾಬಾದಿನಲ್ಲಿ ಕಲ್ಲಿನ ಸದ್ದು ಕೇಳದ ದಿನವೆಂದರೆ ಶುಕ್ರವಾರ ಒಂದೇ. ಉಳಿದ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಖಣಿಯಲ್ಲಿ ಸುತ್ತಿಗೆ ಶುರುವಾಗುತ್ತಿತ್ತು. ನೆಲದೊಳಗಿನ ಫರ್ಸಿಕಲ್ಲನ್ನು ಪದರು ಪದರಾಗಿ ಎಬ್ಬಿಸುವ ಆ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ, ಅದು ನಿಂತಾಗಲೇ ಏನಾಯಿತೆಂದು ತಲೆ ಎತ್ತಿ ನೋಡುತ್ತಿದ್ದೆವು. ನಿಜಾಮರ ಸರಕಾರದಲ್ಲಿ ವಾರದ ರಜೆ ಶುಕ್ರವಾರ. ನಮ್ಮ ಖಣಿಯ ಗುತ್ತೇದಾರನೂ ಜುಮ್ಮಾ ನಮಾಜು ತಪ್ಪಿಸದ ಮನುಷ್ಯ. ಹೀಗಾಗಿ ಅವತ್ತು ಕಲ್ಲಿಗೂ ಬಿಡುವು, ಕಲ್ಲು ಒಡೆಯುವವರಿಗೂ ಬಿಡುವು. ಮಧ್ಯಾಹ್ನವಾದರೆ ಮುಸಲ್ಮಾನರು ಮಸೀದಿಯಲ್ಲಿ, ಕ್ರೈಸ್ತರಾದ ನಮ್ಮವರು ಪ್ರಾರ್ಥನೆಮನೆಯಲ್ಲಿ, ಉಳಿದವರು ಬಿಸಿಲಿಗೆ ಹೆದರಿ ಒಳಗೆ. ಓಣಿಯಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ.

ಈಗ ನಾನು ಮುದುಕಿ. ಬೇರೆ ಬೇರೆ ಊರುಗಳಲ್ಲಿ ಸಂಸಾರ ಮಾಡಿದ್ದೇನೆ. ಆದರೂ ಮಧ್ಯಾಹ್ನದ ಹೊತ್ತು ಬಾಗಿಲು ಮುಚ್ಚಿಕೊಂಡು ಕೂರುವುದು ನನ್ನಿಂದಾಗುವುದಿಲ್ಲ, ಮೈಯೆಲ್ಲ ಜುಮ್ಮೆನ್ನುತ್ತದೆ. "ಧೂಳ ಬರ್ಲಿಕತ್ತದ, ಬಾಗಲ ಹಾಕ್ರಿ ಅತ್ತಿ" ಎಂದು ಸೊಸೆ ಗೊಣಗುತ್ತಾಳೆ. ಗೊಣಗಲಿ. ಯಾಕೆಂದು ಆಕೆಗೆ ಇದುವರೆಗೆ ಹೇಳಿಲ್ಲ.

ಅಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸುವವ, ಪ್ರಾರ್ಥನೆಮನೆಯಲ್ಲಿ ಹಿರಿಯ. ಎರಡೂ ಕಡೆ ಆತ ಮಾಡುತ್ತಿದ್ದದ್ದು ಒಂದೇ ಕೆಲಸ ಎಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ: ಎಲ್ಲಿ ಪೆಟ್ಟು ಕೊಟ್ಟರೆ ಸೀಳುತ್ತದೆ ಎಂದು ಹುಡುಕುವುದು. ಪ್ರಾರ್ಥನೆಮನೆಯ ಮುಂದಿನ ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದರು, ಅದೇ ನಮ್ಮ ಗಂಟೆ. ಶುಕ್ರವಾರ ಹನ್ನೆರಡಕ್ಕೆ ಅದನ್ನು ಬಾರಿಸುವವ ಅಪ್ಪ. ಮೂರಕ್ಕೆ ಮತ್ತೆ ಬಾರಿಸಿ ಎಲ್ಲರ ಉಪವಾಸ ಬಿಡಿಸುವವನೂ ಅಪ್ಪ. ಯೇಸುಸ್ವಾಮಿ ಶಿಲುಬೆಯ ಮೇಲೆ ನರಳಿದ ಹೊತ್ತು ಅದು. ಬೇರೆ ಕಡೆಯ ಕ್ರೈಸ್ತರು ವರ್ಷಕ್ಕೊಮ್ಮೆ ಶುಭ ಶುಕ್ರವಾರದ ದಿನ ಹೀಗೆ ಕೂರುತ್ತಾರಂತೆ. ನಮ್ಮವರು ರಜೆ ಹೇಗೂ ಸಿಗುತ್ತದೆಂದು ವಾರಾ ವಾರಾ ಕೂರುತ್ತಿದ್ದರು.

ಗೋಡೆಯಾಚೆ ನಾನು ಚಾಚಿ ಎಂದು ಕರೆಯುತ್ತಿದ್ದ ಮುಸಲ್ಮಾನ ಹೆಂಗಸಿನ ಮನೆ. ರಂಜಾನಿನಲ್ಲಿ ಆಕೆ ರೋಜಾ ಹಿಡಿದರೆ ಹೊತ್ತು ಮುಳುಗಿದ ಮೇಲೆ ನನ್ನ ಕೈಗೂ ಒಂದಿಷ್ಟು ಖಜೂರ ಬರುತ್ತಿತ್ತು. "ನಮ್ಮ ರೋಜಾ ಬಿಟ್ಟ್ರ ಖಜೂರ ಸಿಗ್ತದ ಬೇಟಿ. ನಿಮ್ಮಪ್ಪನ ರೋಜಾ ಬಿಟ್ಟ್ರ ಏನ್ ಸಿಗ್ತದ? ಇನ್ನೊಂದ್ ಹಾಡ!" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆಕೆ ಹೇಳಿದ್ದು ಸುಳ್ಳಲ್ಲ. ಮೂರರ ಗಂಟೆ ಬಾರಿಸಿದ ಮೇಲೂ ಇನ್ನೊಂದು ಹಾಡು ಹಾಡಿಸದೆ ಅಪ್ಪ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ.

ಅಣ್ಣ ನನಗಿಂತ ತುಂಬಾ ದೊಡ್ಡವ. ನಮ್ಮಿಬ್ಬರ ನಡುವೆ ಹುಟ್ಟಿದ ಕೂಸುಗಳು ಉಳಿಯಲಿಲ್ಲ. ಆತ ವಾಡಿ ಜಂಕ್ಷನ್ನಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿದ್ದ. ಬಿಡುವಾದಾಗ ಯಾವುದಾದರೊಂದು ಮಾಲಗಾಡಿ ಹತ್ತಿ ಮನೆಗೆ ಬರುತ್ತಿದ್ದ. ಎಷ್ಟು ತಿಕ್ಕಿ ಮೈ ತೊಳೆದರೂ ಕಿವಿಯ ಸಂದಿಯಲ್ಲಿ ಕರಿ ಉಳಿಯುತ್ತಿತ್ತು. ಅವ್ವ ಸೆರಗಿನ ತುದಿಯಿಂದ ಅದನ್ನು ಒರೆಸಹೋದರೆ ಸಣ್ಣ ಹುಡುಗನ ಹಾಗೆ ತಲೆ ಕೊಡವುತ್ತಿದ್ದ.

ಒಂದು ಶುಭ ಶುಕ್ರವಾರ ಬೆಳಿಗ್ಗೆ, ರಾತ್ರಿಪಾಳಿ ಮುಗಿಸಿ, ಹಿಂದಿನ ದಿನದಿಂದ ಏನೂ ತಿನ್ನದೆ ಬಂದ. ಅಪ್ಪ ಆಗಲೇ ಪ್ರಾರ್ಥನೆಮನೆಯ ಕಸ ಹೊಡೆಯಲು ಹೋಗಿದ್ದ. ಅವ್ವ ಮಗನ ಮುಖ ನೋಡಿದಳು. ಬುಟ್ಟಿಯಿಂದ ರೊಟ್ಟಿ ತೆಗೆದಳು, ಮೇಲೆ ಪುಂಡಿಪಲ್ಲೆ ಹಾಕಿದಳು, "ಜಲ್ದಿ ಉಣ್ಣು" ಎಂದಳು. ಆತ ಎರಡು ತುತ್ತು ಉಂಡಿರಬಹುದು. ಹಾಡಿನ ಪುಸ್ತಕ ಮರೆತು ಹೋಗಿದ್ದ ಅಪ್ಪ ತಿರುಗಿ ಬಂದ.

"ಯಾರ್ ಕೊಟ್ರು ಇವಗ?"

ಅವ್ವ ಒಲೆಯ ಹತ್ತಿರ ನಿಂತಿದ್ದಳು, ಬಾಯಿ ಬಿಡಲಿಲ್ಲ. ಅಣ್ಣ ಆಕೆಯ ಕಡೆ ಒಮ್ಮೆ ನೋಡಿ, "ನಾನೇ ತಗೊಂಡೀನಿ" ಎಂದ.

"ಸ್ವಾಮಿ ಶಿಲುಬಿ ಮ್ಯಾಲ ಇರೂ ದಿನ ನಿನಗ ಹೊಟ್ಟಿ ಚಿಂತಿ. ಇನ್ನ ಮ್ಯಾಲ ಈ ಮನ್ಯಾಗ ನಿನಗ ರೊಟ್ಟಿ ಇಲ್ಲ."

ಅಪ್ಪ ತಾಟನ್ನು ಎತ್ತಿ ಕಟ್ಟೆಯ ಮೇಲಿಟ್ಟ, ಕೋಳಿಗಳು ಬಂದವು. ಅಣ್ಣ ಬಾಯಲ್ಲಿದ್ದದ್ದನ್ನು ನುಂಗಿ, ಕೈ ತೊಳೆದು, ಅಂಗಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಹೋಗುವಾಗ ನನ್ನ ತಲೆ ಸವರಿದ. ಅಪ್ಪ ಹಾಡಿನ ಪುಸ್ತಕ ತೆಗೆದುಕೊಂಡು ಹೋಗಿ ಅವತ್ತಿಡೀ ಕ್ಷಮೆಯ ಹಾಡುಗಳನ್ನು ಹಾಡಿಸಿದ. ನನಗೆ ಇದನ್ನು ಹೇಳುವಾಗ ಇಂದಿಗೂ ಹಲ್ಲು ಬಿಗಿಯುತ್ತದೆ.

ಅಣ್ಣ ವಾಡಿಯಲ್ಲಿ ನಿಲ್ಲಲಿಲ್ಲ. ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿನ ಕಡೆ ಹೋದನೆಂದು ರೈಲಿನವರು ಹೇಳಿದರು. ಆಮೇಲೆ ಸುದ್ದಿಯಿಲ್ಲ.

ಅವ್ವ ಆಗ ತನ್ನದೇ ಉಪವಾಸ ಹಿಡಿದಳು. ಪ್ರಾರ್ಥನೆಮನೆಗೆ ಹೋಗುವುದನ್ನು ಬಿಟ್ಟು ಶುಕ್ರವಾರ ಮನೆಯಲ್ಲೇ ಕೂತಳು. ಬೆಳಗಿನಿಂದ ಮೂರರ ಗಂಟೆಯ ತನಕ ನೀರೂ ಇಲ್ಲ. ಹನ್ನೆರಡರ ಗಂಟೆ ಬಿದ್ದ ಮೇಲೆ ಮಾತೂ ಇಲ್ಲ. ಬಾಗಿಲು ಹಾಕಿ, ಅಗಳಿ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತರೆ ಮುಗಿಯಿತು. ಮಗ ತಿರುಗಿ ಬರಲಿ ಎಂಬ ಒಂದೇ ಬೇಡಿಕೆ, ಅದೂ ಒಳಗೊಳಗೇ. ಮಾತು ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿದೆ. "ಆಡಬೇಕಾದಾಗ ಆಡ್ಲಿಲ್ಲ ಈ ಬಾಯಿ. ಇದಕ್ಕ ಇದೇ ಶಿಕ್ಷಾ" ಎಂದಳು. ಅಪ್ಪನಿಗೆ ಹೆಂಡತಿಯ ಉಪವಾಸದ ಬಗ್ಗೆ ಹೆಮ್ಮೆಯೇ ಇತ್ತು. ಯಾತಕ್ಕಾಗಿ ಎಂದು ಮಾತ್ರ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂದರೂ ನಡೆದೀತು.

ಮೂರು ತಾಸು ಹಾಡಿನಲ್ಲಿ ಕೂರುವ ತಾಳ್ಮೆ ನನಗಿರಲಿಲ್ಲವಾದ್ದರಿಂದ ಅವ್ವ ನನಗೆ ಬೆಳಿಗ್ಗೆಯೇ ಉಣಿಸಿ ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮೇಲೆ ಫರ್ಸಿಯ ಮಾಡು, ಕೆಳಗೆ ಫರ್ಸಿಯ ನೆಲ. ಎರಡು ಹೆಂಚಿನ ನಡುವೆ ಸಿಕ್ಕ ರೊಟ್ಟಿಯ ಹಾಗೆ ನಾವಿಬ್ಬರು. ಆಕೆಯ ತುಟಿ ಒಣಗಿ ಬಿರಿಯುವುದನ್ನು ನೋಡುತ್ತ ನಾನು ಎಷ್ಟೋ ಶುಕ್ರವಾರ ನಿದ್ದೆ ಹೋಗಿದ್ದೇನೆ.

ಅವ್ವ ಚಿಂಚೋಳಿ ಕಡೆಯವಳು, ಅಡವಿ ಸೀಮೆಯವಳು. ಆ ಕಡೆ ಒಂದು ನಂಬಿಕೆ. ನಡುಮಧ್ಯಾಹ್ನ ಹೊರಗಿನಿಂದ ಯಾರಾದರೂ ಕರೆದರೆ ಮೂರನೆಯ ಸಲ ಕರೆಯುವ ತನಕ ಓಗೊಡಬಾರದು. ಗಾಳಿ, ದೆವ್ವ ಯಾವುದೇ ಇರಲಿ, ಎರಡು ಸಲ ಮಾತ್ರ ಕರೆಯಬಲ್ಲದು, ಮೂರನೆಯದು ಮನುಷ್ಯರದು. ಅವ್ವನ ಅಪ್ಪ ಕ್ರೈಸ್ತನಾದಾಗ ದೇವರುಗಳನ್ನೆಲ್ಲ ಹಿಂದೆ ಬಿಟ್ಟು ಬಂದಿದ್ದ. ದೆವ್ವಗಳು ತಾವಾಗಿಯೇ ಬೆನ್ನು ಹತ್ತಿ ಬಂದಿದ್ದವು. ಇನ್ನು ಪ್ರಾರ್ಥನೆಮನೆಯಲ್ಲಿ ವರ್ಷಾ ವರ್ಷಾ ಹೇಳುತ್ತಿದ್ದ ಕತೆಯೂ ಇತ್ತು. ಸ್ವಾಮಿ ಅಡವಿಯಲ್ಲಿ ಹಸಿದು ಕೂತಿದ್ದಾಗ ಸೈತಾನ ಬಂದು ಮೊದಲು ತೆಗೆದದ್ದು ರೊಟ್ಟಿಯ ಮಾತನ್ನೇ, ಅದೂ ಬಿದ್ದ ಕಲ್ಲುಗಳನ್ನು ತೋರಿಸಿ. ಕಲ್ಲಿನ ಊರಿನವರಾದ ನಮಗೆ ಅದು ನಮ್ಮ ಖಣಿಯ ದಂಡೆಯಲ್ಲೇ ನಡೆದ ಹಾಗೆ ಕೇಳಿಸುತ್ತಿತ್ತು. ಚಿಂಚೋಳಿಯ ದೆವ್ವ, ಪಾದ್ರಿಗಳ ಸೈತಾನ ಎರಡೂ ಅವ್ವನ ತಲೆಯಲ್ಲಿ ಒಂದೇ ಆಗಿದ್ದವು.

ಅಣ್ಣ ಹೋಗಿ ಎರಡು ಬೇಸಿಗೆ ಕಳೆದಿದ್ದವು. ಅದೂ ಬೇಸಿಗೆಯದೇ ಒಂದು ಶುಕ್ರವಾರ. ಹನ್ನೆರಡರ ಗಂಟೆ ಬಿದ್ದು ಸ್ವಲ್ಪ ಹೊತ್ತಾಗಿತ್ತು. ದೂರದಿಂದ ಕೇಳುತ್ತಿದ್ದ ಹಾಡು ನಿಂತಿತ್ತು, ಈಗ ಪ್ರಾರ್ಥನೆ ನಡೆದಿರಬೇಕು. ಬಾಗಿಲ ಸಂದಿನಿಂದ ಬೀಳುತ್ತಿದ್ದ ಬೆಳಕಿನ ಗೆರೆ ಕಪ್ಪಾಯಿತು. ಹೆಜ್ಜೆಯ ಸದ್ದು ಕೇಳಿದ ನೆನಪು ನನಗಿಲ್ಲ.

"ಯವ್ವಾ."

ಅವ್ವನ ಬೆನ್ನು ಗೋಡೆಯಿಂದ ಎದ್ದಿತು. ನನಗೆ ಅದು ಅಣ್ಣನ ಧ್ವನಿ ಎನ್ನಿಸಿತು. ಆದರೆ ಒಣಗಿ ಸೀಳಿದ ಧ್ವನಿ, ಯಾರೋ ಅಣ್ಣನ ಗಂಟಲನ್ನು ಕಡ ತಂದ ಹಾಗೆ. ನಾನು ಏಳಹೋದೆ. ಅವ್ವ ನನ್ನ ಮುಂಗೈ ಹಿಡಿದಳು, ಬಳೆ ಸದ್ದಾಯಿತು. ತಾನೂ ಒಂದು ಮೊಣಕಾಲು ಊರಿ ಏಳುವವಳಿದ್ದಳು. ಇದನ್ನು ನಾನು ಯಾವ ಆಣೆ ಮಾಡಿಯಾದರೂ ಹೇಳುತ್ತೇನೆ, ಆಕೆ ಏಳುವವಳಿದ್ದಳು.

"ಯವ್ವಾ, ಹಸಿವ್ಯಾಗ್ಯದ. ರೊಟ್ಟಿ ಕೊಡು."

ರೊಟ್ಟಿ ಎಂಬ ಮಾತು ಬಂದದ್ದೇ ತಡ, ಆಕೆಯ ಮುಖದ ರಕ್ತ ಇಳಿದುಹೋಯಿತು. ಮೊಣಕಾಲು ಮತ್ತೆ ಮಡಚಿಕೊಂಡಿತು. ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು, ಧ್ವನಿ ಇರಲಿಲ್ಲ. ನನ್ನ ಮುಂಗೈಯಲ್ಲಿ ಆಕೆಯ ಉಗುರು ಇಳಿದವು. ಮೂರನೆಯ ಕರೆಗೆ ಕಾಯುತ್ತಿದ್ದಾಳೆಂದು ನನಗೂ ತಿಳಿಯಿತು. ನಾನೂ ಕಾದೆ. ಕರೆಯೋ, ಇನ್ನೊಂದು ಸಲ ಕರೆಯೋ ಎಂದು ಮನಸ್ಸಿನಲ್ಲಿ ಕಿರುಚಿಕೊಂಡೆ. ಬಾಗಿಲಿನ ಆಚೆ ಯಾರೋ ಉಸಿರು ಎಳೆದುಕೊಂಡ ಹಾಗಾಯಿತು. ಆಮೇಲೆ ಬೆಳಕಿನ ಗೆರೆ ಮತ್ತೆ ಬೆಳ್ಳಗೆ ನೆಲದ ಮೇಲೆ ಬಿತ್ತು.

ಮೂರರ ಗಂಟೆ ಬೀಳುವ ತನಕ ಆಕೆ ನನ್ನ ಕೈ ಬಿಡಲಿಲ್ಲ. ಗಂಟೆ ಬಿದ್ದ ಕೂಡಲೇ ಅಗಳಿ ತೆಗೆದು ಓಡಿದಳು. ಓಣಿ ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು. ಮಣ್ಣಿನ ಓಣಿಯಾಗಿದ್ದರೆ ಹೆಜ್ಜೆಯಾದರೂ ಮೂಡಿರುತ್ತಿತ್ತು. ನಮ್ಮದು ಒಡೆದ ಫರ್ಸಿ ಹಾಸಿದ ಓಣಿ. ಅವ್ವ ಬಗ್ಗಿ, ಬಾಗಿಲ ಮುಂದಿನ ಕಲ್ಲಿನ ಮೇಲೆ ಅಂಗೈ ಇಟ್ಟಳು. ಕಲ್ಲು ಕೆಂಡವಾಗಿತ್ತು. ಆದರೂ ಕೈ ತೆಗೆಯಲಿಲ್ಲ, ನಾನೇ ಎಳೆದು ತೆಗೆಸಿದೆ. ನಿದ್ದೆಯಿಂದ ಎದ್ದು ಬಂದ ಚಾಚಿಗೆ ಏನೂ ಕೇಳಿರಲಿಲ್ಲ. "ಇಂಥಾ ಧೂಪಿನ್ಯಾಗ ಯಾರ್ ಬರ್ತಾರ ಅಕ್ಕಾ? ಖಾಲಿ ಹೊಟ್ಟಿ, ಕಿವಿ ಗುಂಯ್ ಅಂದಿರ್ಬೇಕು" ಎಂದಳು.

ಸಂಜೆ ಅವ್ವ ಅಪ್ಪನಿಗೆ ಹೇಳಿದಳು. ಯಾರೋ ಬಂದಿದ್ದರು, ಯವ್ವಾ ಎಂದು ಕರೆದರು, ಎರಡೇ ಸಲ.

"ಏನ್ ಕೇಳ್ತು?" ಎಂದ ಅಪ್ಪ. ಬಂದದ್ದು ಮನುಷ್ಯನಲ್ಲ ಎಂದು ಆತನ ಬಾಯಿ ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು.

"ರೊಟ್ಟಿ ಕೇಳ್ತ್ರಿ."

ಅಪ್ಪನ ಕಣ್ಣಲ್ಲಿ ಒಂದು ಕ್ಷಣ ಅಂಜಿಕೆ ಕಂಡಿತು. ಆತನಿಗೂ ಮಗನೇ ನೆನಪಾಗಿದ್ದ, ನನಗೆ ಸಂಶಯವಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, "ಸೈತಾನ. ಬ್ಯಾರೆ ಯಾರೂ ಅಲ್ಲ. ನೀ ಗೆದ್ದಿ" ಎಂದ.

ಇಷ್ಟಕ್ಕೇ ನಿಂತಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತೋ ಏನೋ. ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ ಇತ್ತು. ದೇವರು ತನಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಆ ಭಾನುವಾರ ಅಪ್ಪ ಅವ್ವನ ಪರವಾಗಿ ಎದ್ದ. ಉಪವಾಸವಿದ್ದ ಹೆಂಗಸಿನ ಬಾಗಿಲಿಗೆ ಸೈತಾನ ಅವಳ ಮಗನ ಧ್ವನಿಯಲ್ಲಿ ಬಂದ, ಎರಡು ಸಲ ಕರೆದ, ರೊಟ್ಟಿ ಬೇಡಿದ, ಆಕೆ ಬಾಗಿಲು ತೆಗೆಯಲಿಲ್ಲ, ಸೈತಾನ ಸೋತು ಹೋದ. ಜನ ಹಲ್ಲೆಲೂಯಾ ಎಂದರು. ಹೆಂಗಸರು ತಿರುಗಿ ತಿರುಗಿ ಅವ್ವನ ಮುಖ ನೋಡಿದರು. ಆಕೆ ತನ್ನ ಸುಟ್ಟ ಅಂಗೈಯನ್ನು ಸೀರೆಯಲ್ಲಿ ಮುಚ್ಚಿಕೊಂಡು ಕೂತಿದ್ದಳು.

ಊರೂರು ತಿರುಗುವ ಬೋಧಕರಿಗೆ ಇಂಥದ್ದೊಂದು ಸಿಕ್ಕರೆ ಕೇಳಬೇಕೇ? ಸಾಕ್ಷಿ ವಾಡಿಗೆ ಹೋಯಿತು, ಚಿತ್ತಾಪುರಕ್ಕೆ ಹೋಯಿತು, ಸೇಡಮ್ಮಿಗೆ ಹೋಯಿತು. ಸೇಡಮ್ಮಿನಿಂದ ನಮಗೇ ತಿರುಗಿ ಬರುವಷ್ಟರಲ್ಲಿ ಸೈತಾನನಿಗೆ ಕೋಡು ಮೂಡಿದ್ದವು. ದಂಡೋತಿಯಿಂದ ಒಬ್ಬಾಕೆ ಜ್ವರದ ಕೂಸನ್ನು ಎತ್ತಿಕೊಂಡು ಬಂದು, ಅವ್ವನ ಕೈ ಮುಟ್ಟಿಸಿಕೊಂಡು ಹೋದಳು. ಆಕೆ ಹೋದ ಮೇಲೆ ಅವ್ವ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಮುಂದಿನ ಶುಕ್ರವಾರಗಳಲ್ಲಿ ಆಕೆ ಉಪವಾಸ ಬಿಡಲಿಲ್ಲ, ಮೌನ ಬಿಟ್ಟಳು. ಬಾಗಿಲನ್ನು ಹಾರು ಹೊಡೆದು ತೆರೆದಿಟ್ಟು, ಹೊಸ್ತಿಲ ಮೇಲೆ ಕೂತು, ಹೊರಗೆ ಯಾವ ಸದ್ದಾದರೂ ಓಗೊಡತೊಡಗಿದಳು. ಆಡು ಒದರಿದರೆ "ಓ, ಬಂದೆ". ಕಾಗೆ ಕೂಗಿದರೆ "ಬಂದೆ ತಡಿಯಪ್ಪಾ". ಮಾಲಗಾಡಿಯ ಸೀಟಿ ಕೇಳಿದರೆ ಎದ್ದೇ ನಿಲ್ಲುವಳು. ಓಣಿಯ ಹುಡುಗರಿಗೆ ಇದು ಆಟವಾಯಿತು. ಗೋಡೆಯ ಮರೆಯಲ್ಲಿ ನಿಂತು "ಯವ್ವಾ" ಎಂದು ಕೂಗಿ ಓಡುವರು. ಹುಡುಗರೆಂದು ಗೊತ್ತಿದ್ದರೂ ಆಕೆ ಪ್ರತಿ ಸಲವೂ ಎದ್ದು ಹೋಗಿ ನೋಡುತ್ತಿದ್ದಳು. ಚಾಚಿ ಕಸಬರಿಗೆ ಹಿಡಿದು ಅವರನ್ನು ಅಟ್ಟಿಸಿಕೊಂಡು ಹೋಗಿ ಉರ್ದುವಿನಲ್ಲಿ ಬೈಯುತ್ತಿದ್ದಳು. ಸಾಕ್ಷಿ ಹೇಳಿದ್ದ ಅಪ್ಪನಿಗೆ ಈಗ ಸಭೆಯಲ್ಲಿ ಹೇಳಲು ಏನೂ ಇರಲಿಲ್ಲ. ಬಿಸಿಲು ತಲೆಗೇರಿದೆ ಎಂದು ತೇಲಿಸುತ್ತಿದ್ದ.

ನನಗೂ ಆ ಧ್ವನಿ ಅಂಟಿಕೊಂಡಿತು. ದೊಡ್ಡವಳಾಗಿ ಚಿತ್ತಾಪುರದ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಲು ಹೋದ ಮೇಲೂ, ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ಬಾಗಿಲ ಬೆಳಕಿಗೆ ಯಾರಾದರೂ ಅಡ್ಡ ಬಂದರೆ ನನ್ನ ಮುಂಗೈ ನೋಯುತ್ತಿತ್ತು. ಆತನೋ ಅಲ್ಲವೋ? ಅಣ್ಣ ಎಂದು ಒಂದು ದಿನ ಅನ್ನಿಸಿದರೆ, ಅಣ್ಣನಾಗಿದ್ದರೆ ಇನ್ನೊಮ್ಮೆ ಬಾರದೆ ಇರುತ್ತಿದ್ದನೇ ಎಂದು ಮರುದಿನ ಅನ್ನಿಸುತ್ತಿತ್ತು. ಅವ್ವ ಒಮ್ಮೆ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, "ಸೈತಾನ ಇದ್ರ ನಾ ಗೆದ್ದೆ, ಹೌದಿಲ್ಲ?" ಎಂದಳು. ಮುಂದಿನದನ್ನು ಆಕೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೊಡ್ಡ ಯುದ್ಧ ನಡೆದು ಸೀಮೆಎಣ್ಣೆಗೂ ಅರಿವೆಗೂ ಸಾಲು ನಿಲ್ಲುವ ಕಾಲದಲ್ಲಿ ಅಪ್ಪ ತೀರಿಕೊಂಡ. ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಮ್ಮು ಹಿಡಿದಿತ್ತು. ಕೊನೆಯ ದಿನಗಳಲ್ಲಿ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತಿದ್ದ. ಯಾರನ್ನು ಕಾಯುತ್ತಿದ್ದನೆಂದು ನಾನು ಕೇಳಲಿಲ್ಲ. ನನಗೆ ಆತನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ.

ಸಾವಿನ ಸುದ್ದಿ ರೈಲಿನವರ ಬಾಯಿಂದ ಬಾಯಿಗೆ ಹೋಗಿ ಅಣ್ಣನಿಗೆ ಮುಟ್ಟಿತು. ಕೆಲವು ವಾರಗಳ ನಂತರ ಆತ ಬಂದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅವ್ವ ಕೂಗಲಿಲ್ಲ, ಅಳಲಿಲ್ಲ. ಆತನ ಮುಖವನ್ನು ಎರಡೂ ಕೈಯಿಂದ ತಡವಿ ತಡವಿ ನೋಡಿದಳು. ಕೂರಿಸಿದಳು, ಬಡಿಸಿದಳು. ಆತ ಉಣ್ಣುವ ತನಕ ಎದುರಿಗೆ ಕೂತು, ತಾಟು ಸರಿಸಿದ ಮೇಲೆ ಕೇಳಿದಳು.

"ಒಂದ್ ಮಾತ ಕೇಳ್ತೀನಿ. ನೀ ಹ್ವಾದ ಮ್ಯಾಲ, ಒಂದ್ ಶುಕ್ರವಾರ ಮಧ್ಯಾಹ್ನ, ಇಲ್ಲಿ ಬಂದಿದ್ದೇನು?"

ಇಲ್ಲ ಅನ್ನಲಿ ದೇವರೇ ಎಂದು ಬೇಡಿದೆ. ಇಲ್ಲ ಎಂದರೆ ಅವ್ವನಿಗೆ ಬಿಡುಗಡೆ, ಇಷ್ಟು ವರ್ಷ ಹೊತ್ತ ಕಲ್ಲು ಕೆಳಗಿಳಿಯುತ್ತದೆ ಎಂದುಕೊಂಡೆ.

ಅಣ್ಣ ಅಂಗೈ ಒರೆಸಿಕೊಳ್ಳುತ್ತ, "ಇಲ್ಲವ್ವ. ನಾ ಎಲ್ಲಿ ಬಂದೀನಿ? ಹ್ವಾದಾವ ಈಗೇ ಬರ್ಲಿಕತ್ತೀನಿ" ಎಂದ.

ಅವ್ವ ಖಾಲಿ ತಾಟನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಮಗುವಿನಂಥ ಧ್ವನಿಯಲ್ಲಿ ಕೇಳಿದಳು.

"ಒಂದ್ ಸಲಾನೂ ಬರ್ಬೇಕು ಅನಸ್ಲಿಲ್ಲೇನು?"

ಆಗ ನನಗೆ ತಿಳಿಯಿತು, ಎಷ್ಟು ತಡವಾಗಿ ತಿಳಿಯಿತು! ಆಕೆ ಇಲ್ಲ ಎಂಬ ಮಾತಿಗೆ ಕಾದಿರಲಿಲ್ಲ. ಬಾಗಿಲು ತೆಗೆಯದ ಪಾಪ ತನ್ನದೇ ಇರಲಿ, ಆದರೆ ಮಗ ಬಂದಿದ್ದ ಎಂಬುದೊಂದು ಇರಲಿ ಎಂದು ಆಕೆ ಅದನ್ನೇ ಹಿಡಿದುಕೊಂಡು ಬದುಕಿದ್ದಳು. ಅಣ್ಣ ಒಂದೇ ಮಾತಿನಲ್ಲಿ ಅದನ್ನು ಕಿತ್ತುಕೊಂಡಿದ್ದ. ಆತನಿಗೂ ಏನೋ ಕೆಟ್ಟಿತು ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಕೆಲವು ದಿನ ಇದ್ದು ಆತ ಹೊರಟ. ನನಗೂ ಚಿತ್ತಾಪುರಕ್ಕೆ ಹೋಗುವುದಿತ್ತು. ಇಬ್ಬರೂ ವಾಡಿಯಲ್ಲಿ ಇಳಿದು ಹೈದರಾಬಾದಿನ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತೆವು. ಎದುರಿಗೆ ಕಲ್ಲಿದ್ದಲಿನ ಗುಡ್ಡೆ, ಆತ ಹರೆಯದಲ್ಲಿ ಸಲಿಕೆ ಹಿಡಿದು ನಿಲ್ಲುತ್ತಿದ್ದ ಜಾಗ. ಅದನ್ನೇ ನೋಡುತ್ತ ಇದ್ದಕ್ಕಿದ್ದಂತೆ, "ನಾನೇ ಬಂದಿದ್ದೆ ತಂಗಿ" ಎಂದ.

ನಾನು ಆತನ ಕಡೆ ತಿರುಗಿದೆ.

"ಅಪ್ಪ ಪ್ರಾರ್ಥನ್ಯಾಗ ಇರ್ತಾನ, ಅವ್ವ ಒಬ್ಬಾಕಿ ಸಿಗ್ತಾಳ ಅಂತ ಅದೇ ಹೊತ್ತ ನೋಡಿ ಬಂದಿದ್ದೆ. ಏನೇನೋ ಹೇಳ್ಬೇಕು ಅಂತಿದ್ದೆ. ಬಾಗಲ ಮುಂದ ನಿಂತ್ರ ಎಲ್ಲಾ ಮರ್ತು ಹೋತು. ಈ ಮನ್ಯಾಗ ರೊಟ್ಟಿ ಇಲ್ಲ ಅಂತ ಅಪ್ಪ ಅಂದಿದ್ದ. ಅವ್ವ ಏನ್ ಅಂತಾಳ ಕೇಳ್ಬೇಕಿತ್ತು, ಕೇಳಿದೆ."

"ಇನ್ನೊಂದ್ ಸಲ ಯಾಕ ಕರೀಲಿಲ್ಲ ಅಣ್ಣಾ?"

"ಒಳಗ ನೀವ್ ಇದ್ದದ್ದು ಗೊತ್ತಾಗಿತ್ತು. ನಿನ್ನ ಕೈಬಳಿ ಸದ್ದು ಕೇಳಿತ್ತು. ಇನ್ನೊಂದ್ ಸಲ ಕರದ್ರ ಅಳು ಬರ್ತಿತ್ತು."

ಆಕೆಯ ಮೌನದ ಹರಕೆ ಆತನಿಗೆ ಹೇಗೆ ಗೊತ್ತಿರಬೇಕು? ಆತ ಹೋದ ಮೇಲೆ, ಆತನಿಗಾಗಿಯೇ ಹಿಡಿದದ್ದು ಅದು. ಸಿಟ್ಟು ಇಳಿದ ಮೇಲೆ ಮತ್ತೆ ಬರಬೇಕೆಂದು ಮಳೆಗಾಲ ಮುಗಿಯುವ ಹೊತ್ತಿಗೆ ವಾಡಿಯ ತನಕ ಬಂದಿದ್ದನಂತೆ. ಗಾಡಿಗೆ ಇನ್ನೂ ಹೊತ್ತಿದೆಯೆಂದು ರೈಲಿನವರ ಉಪವಾಸ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಬೋಧಕನೊಬ್ಬ ಎದ್ದು, ಶಹಾಬಾದಿನ ಒಬ್ಬ ತಾಯಿ ಮಗನ ಧ್ವನಿಯಲ್ಲಿ ಬಂದ ಸೈತಾನನನ್ನು ಸೋಲಿಸಿದ ಕತೆ ಹೇಳಿದ್ದಾನೆ. ಸುತ್ತಲಿನವರು ಹಲ್ಲೆಲೂಯಾ ಎಂದಿದ್ದಾರೆ.

"ಆ ಸೈತಾನ ನಾನೇ ಅಂತ ಹ್ಯಾಂಗ ಹೇಳ್ಲಿ? ಎದ್ದು ಸಿಕಂದರಾಬಾದಿನ ಗಾಡಿ ಹತ್ತಿದೆ. ಮೊನ್ನಿ ಅವ್ವ ಕೇಳಿದಾಗ, ಸೈತಾನನೇ ಆಗಿರ್ಲಿ ಬಿಡು, ಆಕಿ ಜೀವಕ್ಕ ಸಮಾಧಾನ ಇರ್ಲಿ ಅಂತ ಇಲ್ಲ ಅಂದೆ."

ನಾನು ಬೆಂಚಿನಿಂದ ಎದ್ದೆ. ಅಳುತ್ತಿದ್ದೆನೋ ಬೈಯುತ್ತಿದ್ದೆನೋ ನೆನಪಿಲ್ಲ. ಆಕೆಗೆ ಬೇಕಾದದ್ದು ಸಮಾಧಾನವಲ್ಲ, ನೀನು ಬಂದಿದ್ದೆ ಎಂಬ ಮಾತು ಎಂದೆ. ಹೈದರಾಬಾದಿನ ಗಾಡಿ ಬಂದು ನಿಂತಿತು. ನಾವು ಹತ್ತಲಿಲ್ಲ. ಶಾಲೆಯಲ್ಲಿ ಏನು ಹೇಳಲಿ ಎಂಬ ಚಿಂತೆಯೂ ಬರಲಿಲ್ಲ. ಆತನ ತೋಳು ಹಿಡಿದು ಎದುರಿನ ಪ್ಲಾಟಫಾರಮ್ಮಿಗೆ ಎಳೆದುಕೊಂಡು ಹೋಗಿ ಶಹಾಬಾದಿನ ಗಾಡಿಯಲ್ಲಿ ಕೂರಿಸಿದೆ. ದಾರಿಯುದ್ದಕ್ಕೂ ನನಗೆ ಸಂತೋಷವೇ ಆಗುತ್ತಿತ್ತು. ಇಷ್ಟು ವರ್ಷದ ಗಂಟು ಇವತ್ತು ಬಿಚ್ಚುತ್ತದೆ ಎಂದುಕೊಂಡಿದ್ದೆ.

ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ತಿರುಗಿ ಬಂದ ನಮ್ಮನ್ನು ನೋಡಿ ಗಾಬರಿಯಾದಳು. ಅಣ್ಣ ಆಕೆಯ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದ. ನಾನೇ ಬಂದಿದ್ದೆ ಯವ್ವಾ, ಎರಡು ಸಲ ಕರೆದೆ, ಹಸಿವೆ ಅಂದೆ, ರೊಟ್ಟಿ ಕೇಳಿದೆ. ಅವ್ವ ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ಆಮೇಲೆ ಅಣ್ಣನ ಬೆನ್ನು ಸವರಿ ನಕ್ಕಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಸಣ್ಣ ಹುಡುಗನನ್ನು ನೋಡಿ ನಗುವ ಹಾಗೆ.

"ತಂಗಿ ಹೇಳಿಕೊಟ್ಟಾಳ. ನನ್ನ ಸಂಕಟ ನೋಡಲಾರದೇ ಇಬ್ರೂ ಕೂಡಿ ಬಂದೀರಿ."

"ಖರೇ ಯವ್ವಾ, ನಿನ್ನ ಆಣಿ."

"ಆಣಿ ಹಾಕಬ್ಯಾಡ. ಸಾಕು."

ನಾನು ಅಣ್ಣನ ಕಡೆ ನೋಡಿದೆ, ಬೇರೆ ಏನಾದರೂ ಹೇಳು ಎಂದು. ಆತ ಏನು ಹೇಳಬೇಕು? ಯಾವ ದಿನ, ಯಾವ ಹೊತ್ತು, ಎಷ್ಟು ಸಲ, ಏನು ಕೇಳಿದ, ಎಲ್ಲವನ್ನೂ ಅಪ್ಪನ ಸಾಕ್ಷಿ ಸೇಡಮ್ಮಿನ ತನಕ ಸಾರಿಬಿಟ್ಟಿತ್ತು. ಹಾದಿಯಲ್ಲಿ ಹೋಗುವವನೂ ಅಷ್ಟನ್ನು ಹೇಳಬಲ್ಲ. ಬಾಗಿಲ ಮುಂದೆ ನಿಂತಿದ್ದವನಿಗೆ ಮಾತ್ರ ಗೊತ್ತಿದ್ದದ್ದು ಅಂತ ಆತನ ಹತ್ತಿರ ಏನೂ ಉಳಿದಿರಲಿಲ್ಲ. ನನ್ನ ಬಳೆಯ ಸದ್ದು ಕೇಳಿತ್ತು ಎಂದ. "ಹುಡುಗಿ ಕೈಯಾಗ ಬಳಿ ಇರ್ತಾವ" ಎಂದಳು ಅವ್ವ.

ಕೊನೆಗೆ ಅಣ್ಣ ಆಕೆಯ ಕೈ ಹಿಡಿದು, "ಹ್ವಾಗ್ಲಿ ಬಿಡು. ಈಗರೆ ಬಂದೀನಿಲ್ಲ? ಆ ಉಪಾಸ ಬಿಡು ಯವ್ವಾ, ಮೈಯಾಗ ಏನ್ ಉಳದದ?" ಎಂದ.

ಅವ್ವ ಮೊರ ಎತ್ತಿಕೊಂಡು ಮತ್ತೆ ಜೋಳ ಕೇರತೊಡಗಿದಳು.

"ನೀ ಬಂದಿ ಮಗನ, ದೇವ್ರು ದೊಡ್ಡಾವ. ಅವತ್ತ ಬರ್ಲಿಲ್ಲಲ್ಲ, ಆ ಮಗ ಇನ್ನಾ ಬಂದಿಲ್ಲ."

ಅಣ್ಣ ಆ ವಾರ ಹೋಗಲಿಲ್ಲ. ಶುಕ್ರವಾರ ಅವ್ವ ಆತನಿಗೆ ಹೊಟ್ಟೆ ತುಂಬ ಉಣಿಸಿ, ತಾನು ನೀರೂ ಮುಟ್ಟದೆ, ಹನ್ನೆರಡರ ಗಂಟೆ ಬಿದ್ದ ಮೇಲೆ ಹೊಸ್ತಿಲಿಗೆ ಹೋಗಿ ಕೂತಳು. ಒಳಗಿನಿಂದ ಅಣ್ಣ ಯವ್ವಾ, ಯವ್ವಾ ಎಂದು ಎಷ್ಟು ಕರೆದರೂ ತಿರುಗಿ ನೋಡಲಿಲ್ಲ. ಓಣಿಯ ಕಡೆ ಮುಖ ಮಾಡಿ, ಹೊರಗಿನ ಸದ್ದಿಗಷ್ಟೇ ಓಗೊಡುತ್ತಿದ್ದಳು.